ಬಾಡಿಗೆ ಮನೆ ಮಾರಿದ ಮುರಿಗೆಪ್ಪ

ಬ್ಯಾಡಗಿಯಲ್ಲಿ ಮುರಿಗೆಪ್ಪ ಅಂತ ಒಬ್ಬ ಸಾಹುಕಾರನಿದ್ದ. ಮೆಣಸಿನಕಾಯಿ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ದುಡ್ಡಿತ್ತು, ಹೆಸರಿತ್ತು, ಪೇಟೆಯಲ್ಲಿ ಅವನ ಮಾತಿಗೆ ತೂಕವಿತ್ತು. ಆದರೆ ತೆರಿಗೆ ಅಂದರೆ ಸಾಕು, ಅವನ ಎದೆ ಝಲ್ಲೆನ್ನುತ್ತಿತ್ತು. ನಗಬೇಡಿ. ಇಲ್ಲಿ ನಗುತ್ತಿರುವವರ ಎದೆಯೂ ನನಗೆ ಗೊತ್ತಿದೆ.

ಅವನ ಹೆಂಡತಿ ನೀಲಗಂಗವ್ವ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಮೆಟ್ಟಿಲು ಇಳಿಯುವ ಶಕ್ತಿ ಮರಳಲಿಲ್ಲ. ಅಂದಿನಿಂದ ಆಕೆ ಮೇಲೆಯೇ. ಆಸ್ಪತ್ರೆಗೆ ಹೋಗಬೇಕೆಂದರೆ ಅಂಗಡಿಯ ಹಮಾಲರು ಆಕೆಯನ್ನು ಕುರ್ಚಿಸಮೇತ ಹೊತ್ತು ಇಳಿಸಬೇಕು. ಗಿರಾಕಿಗಳ ಎದುರಿಗೆ ಹಾಗೆ ಇಳಿಯುವಾಗ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗದೆ ಮುರಿಗೆಪ್ಪ ಲೆಕ್ಕದ ಪುಸ್ತಕಕ್ಕೆ ತಲೆ ತಗ್ಗಿಸುತ್ತಿದ್ದ.

ಊರಂಚಿಗೆ ನೆಲಮಟ್ಟದ ಒಂದು ಮನೆ ಮಾರಾಟಕ್ಕೆ ಬಂತು. ಮುಂದೆ ಅಂಗಳ, ಅಂಗಳದಲ್ಲಿ ಬೇವಿನ ನೆರಳು. ಅದನ್ನು ಕೊಳ್ಳಬೇಕಾದರೆ ಹುಬ್ಬಳ್ಳಿಯಲ್ಲಿ ಅವನು ಎಂದೋ ಕೊಂಡು ಬಾಡಿಗೆಗೆ ಕೊಟ್ಟಿದ್ದ ಮನೆಯನ್ನು ಮಾರಬೇಕು. ಕೊಳ್ಳುವವನೂ ಸಿಕ್ಕ. ಅವನಿಗೂ ಆ ಮನೆ ಬಾಡಿಗೆಗೆ ಬಿಡಲೆಂದೇ ಬೇಕಿತ್ತು.

ಎಲ್ಲ ಸುಸೂತ್ರ ಅಲ್ಲವೇ? ಅಲ್ಲಿಗೆ ಬಂದ ನೋಡಿ, ದಲ್ಲಾಳಿ ಗುರುಪಾದ.

“ಸಾಹುಕಾರ್ರ, ಕೊಂಡಾಗಿನ ರೇಟ್ ಏನು, ಈಗಿನ ರೇಟ್ ಏನು! ನಡುವಿನ ಲಾಭಕ್ಕ ಸರ್ಕಾರ ತೆರಿಗಿ ಹಾಕತೈತ್ರಿ. ನೀವ ಇರೋ ಮನಿ ಆಗಿದ್ರ ಮಾಫಿ ಇತ್ತು. ಬಾಡಿಗಿ ಮನಿಗೆ ಎಲ್ಲೀದ್ರಿ ಮಾಫಿ?”

“ಹಂಗಾದ್ರ?”

“ಅಲ್ಲಿ ಬಾಡಿಗಿಗೆ ಇರೋ ಬಾಯಾರು ಬಾಡಿಗಿ ಕೊಟ್ಟೇ ಇಲ್ಲ, ನಿಮ್ಮ ಮನಿ ನೋಡಿಕೊಂಡು ಸುಮ್ನ ಇದ್ರು, ನೀವೂ ಅಲ್ಲೇ ಇರತಿದ್ರಿ ಅಂತ ಒಂದು ಮಾತು ಬರಸ್ಕೊಳ್ರಿ. ಮುಗೀತು.”

ಮುಗಿಯಿತಂತೆ! ಯಾವ ಸುಳ್ಳು ಅಷ್ಟು ಬೇಗ ಮುಗಿದಿದೆ, ಹೇಳಿ?

ಆದರೆ ಭಯಪಟ್ಟವನ ಕಿವಿಗೆ ಅದೇ ದಾರಿ ಅನ್ನಿಸಿತು. ಮುರಿಗೆಪ್ಪ ಮರುದಿನವೇ ಹುಬ್ಬಳ್ಳಿಗೆ ಹೋದ. ಆ ಮನೆಯಲ್ಲಿದ್ದವಳು ಎಸ್ತರಮ್ಮ. ನರ್ಸ್ ಆಗಿದ್ದು ನಿವೃತ್ತಳಾದವಳು, ಗಂಡನಿಲ್ಲ. ತಿಂಗಳ ಬಾಡಿಗೆಯನ್ನು ಆಕೆಯಿಂದ ಒಮ್ಮೆಯೂ ಕೇಳಿ ಪಡೆಯಬೇಕಾಗಿ ಬಂದಿರಲಿಲ್ಲ. ಆಕೆ ಚಹಾ ಮಾಡಿಕೊಟ್ಟಳು. ಮುರಿಗೆಪ್ಪ ಕಪ್ಪನ್ನು ನೋಡುತ್ತಲೇ ವಿಷಯ ಹೇಳಿದ.

ಎಸ್ತರಮ್ಮ ತನ್ನ ಕಪ್ಪನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು: “ನಾನು ಈ ಮನ್ಯಾಗ ಬಾಡಿಗಿ ಕೊಟ್ಟು ಇರಲೇ ಇಲ್ಲ ಅಂತ ಬರೀಬೇಕೇನ್ರಿ?”

“ಬರೇ ಒಂದು ಕಾಗದರೀ, ಎಸ್ತರಮ್ಮ.”

“ನಮ್ಮ ಮನಿಯವ್ರು ಜೀವಾ ಬಿಟ್ಟದ್ದು ಇದೇ ಪಡಸಾಲ್ಯಾಗ. ಮೂರು ತಿಂಗಳು ಹಾಸಿಗಿ ಹಿಡದಿದ್ರು. ಆಗೂ ಅವರು ಕೇಳತಿದ್ದದ್ದು ಒಂದ ಮಾತು, ಸಾಹುಕಾರ್ರಿಗೆ ಬಾಡಿಗಿ ಕಳಿಸಿದೇನು ಅಂತ. ಈಗ ನಾವು ಬಿಟ್ಟಿ ಇದ್ವಿ ಅಂತ ಬರೀಲೇನ್ರಿ?”

ಉತ್ತರ ಹೊಳೆಯದಾಗ ಮನುಷ್ಯ ಏನು ಮಾಡುತ್ತಾನೆ? ದನಿ ಏರಿಸುತ್ತಾನೆ. ಮುರಿಗೆಪ್ಪನೂ ಏರಿಸಿದ. “ನೋಡ್ರಿ, ಬರಕೊಟ್ರ ನೀವು ಇಲ್ಲೇ ಇರಬಹುದು. ಇಲ್ಲಾಂದ್ರ ಹೊಸ ಮಾಲಕರಿಗೆ ನಾ ಏನೂ ಹೇಳಂಗಿಲ್ಲ” ಅಂದುಬಿಟ್ಟ.

ಎಸ್ತರಮ್ಮ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. “ಎರಡು ದಿನಾ ಟೈಮ್ ಕೊಡ್ರಿ” ಅಂದಳು. ಅವನು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಒಳಗೆ ಆಕೆ ಕಪ್ಪು ತೊಳೆಯುವ ಸದ್ದು ಕೇಳಿಸಿತು.

ಬಸ್ಸಿನಲ್ಲಿ ಕುಳಿತ ಮುರಿಗೆಪ್ಪನಿಗೆ ತನ್ನ ಮೈಯೇ ತನಗೆ ಬೇಡವೆನ್ನಿಸಿತು. ಬಾಡಿಗೆಯ ದುಡ್ಡನ್ನು ಎಣಿಸಿ ತೆಗೆದುಕೊಂಡವನು ತಾನು. ಅದನ್ನು ಅವರು ಕೊಡಲೇ ಇಲ್ಲ ಅಂತ ಬರೆಸಲು ಹೊರಟವನೂ ತಾನು. ಅದೂ ಸತ್ತವನ ಹೆಂಡತಿಯ ಕೈಯಿಂದ! ಹಾವೇರಿ ದಾಟುವಷ್ಟರಲ್ಲಿ ಅವನೊಂದು ತೀರ್ಮಾನಕ್ಕೆ ಬಂದಿದ್ದ. ತೆರಿಗೆ ಎಷ್ಟಾದರೂ ಆಗಲಿ, ಕಟ್ಟುವುದು. ಅಂಗಳದ ಮನೆ ಕೈತಪ್ಪಿದರೆ ತಪ್ಪಲಿ. ಒಂದು ಸಣ್ಣ ಮನೆ ನೋಡೋಣ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ, ಬೆದರಿಸಿದ್ದನ್ನೂ ಬಿಡದೆ. ನೀಲಗಂಗವ್ವ ಅವನ ಮುಖವನ್ನೇ ನೋಡಿದಳು.

“ನನ್ನ ಸಲುವಾಗಿ ಆಕಿಗೆ ಹಂಗಂದ್ರೇನು? ನಾ ಮ್ಯಾಲೇ ಇರತೀನಿ ಬಿಡ್ರಿ. ಆಕಿ ಮನಸು ತಣ್ಣಗ ಮಾಡ್ರಿ.”

ಮುರಿಗೆಪ್ಪ ಮರುದಿನ ರಾಣೆಬೆನ್ನೂರಿಗೆ, ತನ್ನ ಆಡಿಟರ್ ವೈಜಯಂತಿ ಅವರ ಹತ್ತಿರ ಹೋದ. ಇಷ್ಟು ದಿನ ಏಕೆ ಹೋಗಿರಲಿಲ್ಲ? ಆಕೆಯನ್ನು ಕೇಳಿದರೆ ತೆರಿಗೆ ಬೀಳುತ್ತದೆ ಎಂಬ ಹೆದರಿಕೆ! ಕೇಳದೆ ಇದ್ದರೆ ಬೀಳುವುದಿಲ್ಲವೇನೋ!

“ಮನಿ ಮಾರಾಕತ್ತೀನ್ರಿ ಮೇಡಂ. ಬಾಡಿಗಿ ಮನಿ. ತೆರಿಗಿ ಎಷ್ಟಾಗತೈತಿ ಹೇಳ್ರಿ, ಕಟ್ಟಿಬಿಡತೀನಿ.”

“ಆ ರೊಕ್ಕದಾಗ ಏನು ಮಾಡವ್ರು ನೀವು?”

“ಮನೀನ ತಗೋಬೇಕಂತಿದ್ದೆ. ವಾಸಕ್ಕ. ನಮ್ಮಾಕಿ ಮೆಟ್ಟಲಾ ಇಳಿಯಾಕ ಆಗವಲ್ಲದು.”

ವೈಜಯಂತಿ ಪೆನ್ನು ಕೆಳಗಿಟ್ಟು ನಕ್ಕರು. “ಮತ್ತ್ಯಾಕ ಇಷ್ಟು ಸೊರಗೀರಿ? ಇದ್ದ ಮನಿ ಮಾರಿ ಇನ್ನೊಂದು ವಾಸದ ಮನಿ ತಗೊಂಡ್ರ, ಆ ಲಾಭದಾಗ ಹೊಸ ಮನಿಗೆ ಹಾಕಿದಷ್ಟಕ್ಕ ತೆರಿಗಿ ಇಲ್ಲ. ಮಾರಿದ್ದು ಬಾಡಿಗಿ ಮನಿ ಆದ್ರೂ ಅಷ್ಟ. ಜನಾ ವಾಸ ಮಾಡೋ ಮನಿ ಹೌದಲ್ರಿ? ಸಾಕು.”

“ಬಾಡಿಗಿ ಮನಿ ಆದ್ರೂ?”

“ಆದ್ರೂ. ಎರಡು ವರ್ಷದೊಳಗ ಹೊಸಾದು ತಗೋಬೇಕು, ಅದನ್ನ ಮೂರು ವರ್ಷ ಮಾರಬಾರದು. ಲಾಭದಾಗ ಏನರ ಉಳಿದ್ರ, ಉಳಿದದ್ದಕ್ಕ ಮಾತ್ರ ತೆರಿಗಿ.”

ಮುರಿಗೆಪ್ಪ ಕುರ್ಚಿಗೆ ಒರಗಿಬಿಟ್ಟ. ಕಣ್ಣಲ್ಲಿ ನೀರು ಬಂತು. ದಲ್ಲಾಳಿ ಹೇಳಿದ್ದನ್ನು ತಿಳಿಸಿದಾಗ ವೈಜಯಂತಿಯವರ ನಗು ನಿಂತಿತು.

“ವರ್ಷಾ ವರ್ಷಾ ಆ ಬಾಡಿಗಿ ನೀವ ತೋರಿಸೀರಿ, ನಾನ ಬರದೀನಿ. ಈಗ ಬಾಡಿಗಿ ಬಂದೇ ಇಲ್ಲ ಅಂತ ಕಾಗದ ತಂದಿದ್ರ? ಇಲ್ಲದ ತೆರಿಗಿ ತಪ್ಪಸಾಕ ಹೋಗಿ ಇರೋ ಮರ್ಯಾದಿ ಕಳಕೋತಿದ್ರಿ. ಪಾಪ, ಆ ಬಾಯಾರನ್ನೂ ಸಿಗಿಸ್ತಿದ್ರಿ.”

ಅಲ್ಲಿಂದ ನೇರ ಹುಬ್ಬಳ್ಳಿಗೆ. ದಾರಿಯಲ್ಲೇ ಮನೆ ಕೊಳ್ಳುವವನಿಗೆ ಫೋನ್ ಮಾಡಿ ಮಾತಾಡಿದ. ಎಸ್ತರಮ್ಮನ ಬಾಗಿಲಲ್ಲಿ ನಿಂತು ಅವನು ಒಳಗೂ ಹೋಗದೆ ಹೇಳಿದ: “ಏನೂ ಬರೀಬ್ಯಾಡ್ರಿ. ನಿನ್ನೆ ಆಡಬಾರದ ಮಾತು ಆಡಿದೆ. ತಪ್ಪಾತು. ಹೊಸ ಮಾಲಕರ ಜೋಡಿ ನಾನ ಮಾತಾಡೀನಿ, ನೀವು ಇಲ್ಲೇ ಇರ್ರಿ ಅಂದಾರ.”

ಎಸ್ತರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ನಿಧಾನವಾಗಿ, “ನಿನ್ನೆಯಿಂದ ಊಟ ಸೇರಿರಲಿಲ್ಲರೀ” ಅಂದಳು. “ನನಗೂ” ಅಂದ ಮುರಿಗೆಪ್ಪ. ಇಬ್ಬರಿಗೂ ನಗು ಬಂತು.

ಹುಬ್ಬಳ್ಳಿಯ ಮನೆ ಮಾರಾಟವಾಯಿತು, ಊರಂಚಿನ ಮನೆ ಅವನದಾಯಿತು. ಲಾಭದಲ್ಲಿ ಸ್ವಲ್ಪ ಉಳಿದಿತ್ತು, ಅದಕ್ಕೆ ತೆರಿಗೆ ಕಟ್ಟಿದ. ಅಲ್ಲಿಗೆ ಬಂದ ಮರುದಿನ ಬೆಳ್ಳಂಬೆಳಗ್ಗೆ ನೀಲಗಂಗವ್ವ ಕೋಲು ಹಿಡಿದು, ಯಾರ ಹೆಗಲನ್ನೂ ಕೇಳದೆ, ತಾನಾಗಿ ಅಂಗಳಕ್ಕೆ ಬಂದು ನೆಲಕ್ಕೆ ನೀರು ಚಿಮುಕಿಸಿದಳು. ಮುರಿಗೆಪ್ಪ ಕಟ್ಟೆಯ ಮೇಲೆ ಕುಳಿತು ಸುಮ್ಮನೆ ನೋಡಿದ.

ಈಗ ನಿಮ್ಮ ವಿಚಾರಕ್ಕೆ ಬರೋಣ.

ಕಾಯಿದೆ ಹೇಳುವುದು ನನ್ನ ಕೆಲಸವಲ್ಲ, ಅದಕ್ಕೆ ನಿಮ್ಮ ನಿಮ್ಮ ಆಡಿಟರ್ ಇದ್ದಾರೆ. ನಾನು ಕೇಳುವುದು ಬೇರೆ. ಒಂದು ವೇಳೆ ತೆರಿಗೆ ಪೂರ್ತಿ ಬಿದ್ದಿದ್ದರೆ? ಮುರಿಗೆಪ್ಪ ಕಟ್ಟುತ್ತಿದ್ದ. ಕಟ್ಟಲು ಸಿದ್ಧನಾಗಿಯೇ ಹೋಗಿದ್ದ. ನೋಡಿ, ಅವನ ಬಿಡುಗಡೆ ಆಡಿಟರ್ ಬಾಯಿಂದ ಬರಲಿಲ್ಲ. ಅದು ಬಸ್ಸಿನಲ್ಲೇ ಆಗಿತ್ತು.

ನೀವೇನು ಮಾಡುತ್ತೀರಿ? ಸಾಲ ಕೊಟ್ಟವನ ಫೋನ್ ಬಂದರೆ ಮಗುವಿನ ಕೈಗೆ ಕೊಟ್ಟು ‘ಅಪ್ಪ ಊರಲ್ಲಿಲ್ಲ ಅನ್ನು’ ಅನ್ನುತ್ತೀರಿ. ನಿಮ್ಮ ಲಾಭಕ್ಕೆ ಗುಮಾಸ್ತನಿಂದ ಸುಳ್ಳು ರಶೀದಿ ಬರೆಸುತ್ತೀರಿ. ಸುಳ್ಳು ನಿಮ್ಮದು, ಬಾಯಿ ಇನ್ನೊಬ್ಬರದು, ಕೈ ಇನ್ನೊಬ್ಬರದು. ಅದನ್ನು ಬಿಡಿ. ಇವತ್ತಿನಿಂದಲೇ ಬಿಡಿ. ಭಯವಾದರೆ ದಲ್ಲಾಳಿಯನ್ನು ಕೇಳಬೇಡಿ, ತಿಳಿದವರ ಎದುರು ಇದ್ದದ್ದನ್ನು ಇದ್ದ ಹಾಗೆ ಇಟ್ಟು ಕೇಳಿ. ಕೊಡಬೇಕಾದದ್ದನ್ನು ಕೊಡಿ. ಕಾಯಿದೆ ಬಿಟ್ಟುಕೊಟ್ಟದ್ದನ್ನು ತಲೆಯೆತ್ತಿ ಪಡೆಯಿರಿ.

ನಿಮಗಾಗಿ ಸುಳ್ಳು ಹೇಳು ಅಂತ ಯಾರನ್ನಾದರೂ ಕೇಳಿದ್ದೀರಾ? ನೆನಪಾಯಿತಲ್ಲ? ನಾಳೆ ಅಂಗಡಿ ಬಾಗಿಲು ತೆಗೆಯುವ ಮೊದಲು ಅವರ ಬಾಗಿಲಿಗೆ ಹೋಗಿ, ‘ಬೇಡ, ಬಿಡು’ ಅಂತ ಹೇಳಿ ಬನ್ನಿ. ಬರುವಾಗ ನಿಮ್ಮ ಕಾಲು ಎಷ್ಟು ಹಗುರಾಗಿರುತ್ತದೆ ಅಂತ ನೀವೇ ನೋಡಿ.