ಹೊಸ ಜೀಪು, ನಾಲ್ಕು ಲಿಂಬೆಹಣ್ಣು

ನಾನು ಸಂಘಪಾಲ ತಂದೆ ಭಗವಂತ, ವಯಸ್ಸು 34, ಉದ್ಯೋಗ ಟ್ರೇಲರ್ ಚಾಲಕ, ವಿದ್ಯೆ ಬಿ.ಎ. (ನಮ್ಮ ಲೈನಿನಲ್ಲಿ ಇದನ್ನು ‘ಬ್ರೇಕ್ ಅಂದಾಜು’ ಎಂದು ಓದುತ್ತಾರೆ), ಸಾ. ಭಂಕೂರ, ತಾ. ಶಹಾಬಾದ್. ಚಿತ್ತಾಪುರ ಠಾಣೆಗೆ ಗಾಡಿಯೊಂದಿಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಇಂದು ಬೆಳಿಗ್ಗೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಸೇಡಂಗೆ ಹೊರಟೆ. ಹೊರಡುವ ಮೊದಲು ಗಾಡಿಯನ್ನು ತುಸು ಉರುಳಿಸಿ, ಟ್ರೇಲರಿನ ಬ್ರೇಕ್ ಹಿಡಿಯುತ್ತದೆಂದು ಖಾತ್ರಿ ಮಾಡಿಕೊಂಡೆ. ಫರಸಿಯನ್ನು ಮಲಗಿಸದೆ ನಿಲ್ಲಿಸಿ ಕಟ್ಟುವುದು ನಮ್ಮಲ್ಲಿ ರೂಢಿ. ನನ್ನ ಪ್ರಯಾಣಿಕರೆಲ್ಲ ನಿಂತೇ ಬರುವವರು; ಬ್ರೇಕ್ ಒದ್ದರೆ ನೇರ ಚಾಲಕನ ಬೆನ್ನಿಗೇ ಬರುತ್ತಾರೆ.

ವಾಡಿ ದಾಟಿದ ಮೇಲೆ ಇಳಿಜಾರಿನಲ್ಲಿ, 10:20ರ ಸುಮಾರಿಗೆ, ನೂರು ಮೀಟರ್ ಮುಂದೆ ಹಾರ ಹಾಕಿದ ಹೊಸ ಜೀಪು ರಸ್ತೆಯ ನಟ್ಟನಡುವೆ ನಿಂತಿತ್ತು. ಮುಹೂರ್ತ ಮೀರುತ್ತದೆಂದು ಮಾಲೀಕ ಸಿದ್ಧಲಿಂಗ ಅವರು ಅಲ್ಲಿಯೇ ಪೂಜೆಗೆ ನಿಲ್ಲಿಸಿದ್ದರೆಂದು ಆಮೇಲೆ ತಿಳಿಯಿತು. ಅವರ ಸೋದರತ್ತೆ ಅಂಬುಬಾಯಿ ಬಗ್ಗಿ ಗಾಲಿಗಳ ಮುಂದೆ ಲಿಂಬೆಹಣ್ಣು ಇಡುತ್ತಿದ್ದರು. ಎಡಕ್ಕೆ ಕಲ್ಲುಗಣಿಯ ಗುಂಡಿ, ಬಲಕ್ಕೆ ಎದುರು ಬರುವ ಬಸ್ಸು.

ನಾನು ಬ್ರೇಕ್ ಒದೆಯಲಿಲ್ಲ. ಒದ್ದರೆ ನಾನು ಕೂತ ಎಳೆಯುವ ಗಾಡಿ ನಿಲ್ಲುತ್ತದೆ, ಹಿಂದಿನ ಟ್ರೇಲರ್ ನಿಲ್ಲುವುದಿಲ್ಲ. ಮಡಚುವ ಚಾಕುವಿನಂತೆ ಪಕ್ಕಕ್ಕೆ ತಿರುಗಿ ಎಲ್ಲರನ್ನೂ ಗುಡಿಸುತ್ತದೆ. ಇಳಿಜಾರಿಗೆ ಮೊದಲೇ ಗೇರ್ ಇಳಿಸಿದ್ದೆ. ಸ್ಟೇರಿಂಗ್ ನೆಟ್ಟಗೆ ಹಿಡಿದು, ಪೆಡಲನ್ನು ಮೆಲ್ಲಗೆ ಒತ್ತಿ, ಒತ್ತಡ ಏರಿಸುತ್ತ ಬಂದೆ. ಗಾಡಿ ಜೀಪಿನಿಂದ ಒಂದೂವರೆ ಮೀಟರ್ ಹಿಂದೆ ನಿಂತಿತು. ಒಂದು ಕಲ್ಲೂ ಕದಲಲಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಉಬ್ಬಿದ್ದನ್ನು ಪೇದೆಯವರು ಕಂಡಿದ್ದಾರೆ. ಅದನ್ನೂ ಬರೆದುಕೊಳ್ಳಲು ಕೋರಿದೆ.

ಅಂಬುಬಾಯಿ ಪಕ್ಕಕ್ಕೆ ಸರಿದರು. ಗಾಬರಿಯಾದ ಸಿದ್ಧಲಿಂಗ ಜೀಪು ಹತ್ತಿ, ಮುಂದೆ ಹೋಗಲೆಂದು ರಿವರ್ಸ್ ಗೇರ್ ಹಾಕಿ, ಹಿಂದೆ ಬಂದು ನನ್ನ ಬಂಪರಿಗೆ ಗುದ್ದಿದರು. ಇಳಿದವರೇ, “ಏ, ಕಣ್ಣ್ ಕಾಣಂಗಿಲ್ಲೇನ್ಲೇ? ಹೊಸಾ ಗಾಡಿಗಿ ಗುದ್ದಿದಿ! ನಿನ್ನ ಲೈಸೆನ್ಸ್ ರದ್ದ್ ಮಾಡಸ್ತೀನಿ” ಎಂದರು. ಅದು ಹೋದರೆ ನನ್ನ ಬಳಿ ಬರೀ ಬಿ.ಎ. ಉಳಿಯುತ್ತದೆ.

“ಅಣ್ಣಾರ, ನಾ ಗುದ್ದಿದ್ರ ಜೀಪು ಮುಂದ ಹೋಗಿ ಲಿಂಬಿಹಣ್ಣು ಚಟ್ನಿ ಆಗ್ತಿದ್ದು. ಬಗ್ಗಿ ನೋಡ್ರಿ” ಎಂದೆ. ನಾಲ್ಕೂ ಹಣ್ಣು ಗುಂಡಗೆ ಕುಳಿತಿದ್ದವು. ಗಾಲಿಗಳೇ ಅವುಗಳಿಂದ ಹಿಂದೆ ಸರಿದಿದ್ದವು.

ಲಿಂಬೆಹಣ್ಣು ಸಾಕ್ಷಿ ಹೇಳುತ್ತದೆಯೇ ಎಂದು ಸಿದ್ಧಲಿಂಗ ಕೇಳಿದರು. ಅದಕ್ಕೆ ಅಂಬುಬಾಯಿ, “ಅದ್ಯಾಕ್ ಹೇಳ್ಬೇಕು, ನಾ ಹೇಳ್ತೀನಿ. ಅಳಿಯ ನನ್ನಾವನೇ, ಆದ್ರ ಜೀವಾ ಭೀ ನಂದೇ ಅದ. ಈ ತಮ್ಮ ನಿಲ್ಲಸ್ಯಾನ, ನೀ ಹಿಂದ ಬಂದಿ” ಎಂದರು. ಠಾಣೆಗೂ ಅವರು ಜೀಪು ಬಿಟ್ಟು ನನ್ನ ಕ್ಯಾಬಿನ್ನಿನಲ್ಲಿಯೇ ಕುಳಿತು ಬಂದರು.

ನಾನು ಕಂಡದ್ದು, ಮಾಡಿದ್ದು ಇಷ್ಟೇ. ಓದಿ ಹೇಳಿದ್ದನ್ನು ಕೇಳಿದೆ, ಎಲ್ಲವೂ ನಿಜ.

ಸ್ಥಳ: ಚಿತ್ತಾಪುರ
ದಿನಾಂಕ: 14-02-2025
ಸಹಿ: ಸಂಘಪಾಲ
ಸಾಕ್ಷಿ: ಅಂಬುಬಾಯಿ (ಯಾರೂ ಕರೆಯದೆ ಬಂದು ಸಹಿ ಮಾಡಿದವರು)