ಸ್ಟೇರಿಂಗ್ ಪಕ್ಕದ ಸ್ವಿಚ್ಚು

...ಅಯ್ಯೋ, ನಗ್ಬೇಡಿ ಭಾವ! ನಾನು ಇಳೀತೀನಿ, ನೀವು ಮೇಲೆ ಕೂತ್ಕೊಳ್ಳಿ ಅಂದಿದ್ದು ನಿಮ್ಮ ಸೊಂಟದ ಮೇಲಿನ ಪ್ರೀತಿಗೆ. ಈ ಬೋಟಿನ ಮೆಟ್ಟಿಲ ಕೆಳಗಿನ ಗೂಡು ಮನುಷ್ಯರಿಗೆ ಮಾಡಿದ್ದಲ್ಲ, ಬೆಕ್ಕಿಗೆ ಮಾಡಿದ್ದು. ...ತೂರಿಬಿಟ್ರಾ? ತಲೆ ಹೋಯ್ತು, ಹೆಗಲು ಹೋಯ್ತು... ಹೊಟ್ಟೇನೂ ಹೋಯ್ತಾ! ಅಕ್ಕ ಊಟ ಕಮ್ಮಿ ಬಡಿಸ್ತಿದ್ದಾಳೆ ಅಂತಾಯ್ತು.

ಏನು? ಇಲ್ಲೇ ಇದ್ದೀನಿ. ಸ್ಟೇರಿಂಗ್ ಪಕ್ಕ, ಸ್ವಿಚ್ ಹತ್ರಾನೇ. ಎಲ್ಲಿಗೆ ಓಡ್ಲಿ ಹೇಳಿ, ಮೂರು ಕಡೆ ನೀರು, ಒಂದು ಕಡೆ ನೀವು.

ಹ್ಞಾಂ, ಕೇಳಿಸ್ತು. ಕರೆಂಟು "ತೆಗ್ದ್ಯಾ?" ಅಂತ ತಾನೇ? ಕೇಳಿಸ್ತು ಭಾವ. ಒಂದು ನಿಮಿಷ.

ಅಲ್ಲಾ, ಅದಕ್ಕೆ ಮುಂಚೆ ಒಂದು ಮಾತು. ಇದು ಇವತ್ತೇ ಆಗ್ಬೇಕಾ? ಉಳಿಯಣ್ಣ ನಾಲ್ಕು ದಿನದಿಂದ ಆಸ್ಪತ್ರೇಲಿ ಕಣ್ಣು ಬಿಡದೆ ಮಲಗಿದ್ದಾನೆ. ಅವನು ಅರ್ಧಕ್ಕೆ ಬಿಟ್ಟ ಹಲಗೆ, ಅವನೇ ಎದ್ದು ಬಂದು ಕೂರಿಸ್ಲಿ ಬಿಡಿ. ಬಡಗಿ ಕೆಲಸಕ್ಕೆ ನಾವು ಕೈ ಹಾಕಿದ್ರೆ ಎದ್ದ ಮೇಲೆ ಬೈತಾನೆ. "ಕರೆಂಟಿನವರು ಮರ ಮುಟ್ಟಿದ್ರೆ ಮರಕ್ಕೆ ಅವಮಾನ" ಅಂತಾನಲ್ಲ. ...ಹಲಗೆಗಲ್ವಾ? ಮತ್ತೆ ಯಾವುದಕ್ಕೆ?

ಸಾಕೆಟ್ಟಿಗಾ.

ಯಾವ ಸಾಕೆಟ್ಟು? ...ಹ್ಞೂಂ, ಆ ಗೂಡಿನ ಬಲಗಡೆ ಗೋಡೇದು. ಗೊತ್ತು. ಉಳಿಯಣ್ಣ ಬಿಚ್ಚಕ್ಕೆ ಹೋಗಿದ್ದು ಅದೇ. ಬಿಚ್ಚಿದ್ನೋ ಇಲ್ವೋ ನನಗೇನು ಗೊತ್ತು, ನಾನು ಮೇಲಿದ್ದೆ. ಹೇಳಿದ್ನಲ್ಲ ಎಲ್ಲಾರಿಗೂ. ನಿಮಗೆ, ಅಕ್ಕಂಗೆ, ಡಾಕ್ಟರಿಗೆ, ಆ ಬೋಟಿನ ಯಜಮಾನ್ರಿಗೆ. ದಬ್ ಅಂತ ಸದ್ದಾಯ್ತು, ಬಂದು ನೋಡಿದ್ರೆ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಮೆಟ್ಟಿಲು ಒದ್ದೆ. ಅವನ ಚಪ್ಪಲಿ ಸವೆದು ಹಪ್ಪಳ ಆಗಿತ್ತು. ಜಾರಿದ. ತಲೆ ಹೊಡೀತು. ಇನ್ನೆಷ್ಟು ಸಲ ಹೇಳ್ಲಿ?

...ಅದನ್ನ ನಾನು ಕೇಳ್ಲೇ ಇಲ್ಲವಲ್ಲ ಅಂತೀರಾ. ಸರಿ, ನೀವು ಕೇಳ್ಲಿಲ್ಲ. ನಾನೇ ಹೇಳ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಈಗ ಒಳಗೊಳಗೇ ಅಂದ್ಕೊಳ್ತಿದ್ದೀರಿ, ಅಲ್ವಾ? ಅಂದ್ಕೊಳ್ಳಿ. ನಿಮ್ಮದು ಮೊದ್ಲಿಂದಾನೂ ಹಾಗೇ. ಆರಕ್ಕೇರಲ್ಲ, ಮೂರಕ್ಕಿಳಿಯಲ್ಲ, ನಡುವೆ ಕೂತ್ಕೊಂಡು ಎದುರಿನವನ ಪ್ರಾಣ ತಿಂತೀರಿ.

ಯಾಕೆ ಆ ಹಲಗೆ ತಟ್ತಿದ್ದೀರಾ? ಹ್ಞಾಂ ಹ್ಞಾಂ. "ತೆಗ್ದ್ಯಾ?" ಹೇಳ್ತೀನಿ, ಹೇಳ್ತೀನಿ.

ನಗು ಬರುತ್ತೆ ನನಗೆ ನಿಮ್ಮ ಈ ಕಾನೂನು ನೋಡಿದ್ರೆ. ಕೆಳಗಿದ್ದವನು "ತೆಗ್ದ್ಯಾ?" ಅನ್ಬೇಕು, ಸ್ವಿಚ್ ಹತ್ರ ಇರೋನು "ತೆಗ್ದೆ" ಅನ್ಬೇಕು. ಆಮೇಲೇ ಕೈ ಹಾಕೋದು. ಆಫ್ ಇದೆ ಅಂದ್ರೆ ಆಗಲ್ಲ, ಹ್ಞೂಂ ಅಂದ್ರೆ ಆಗಲ್ಲ, ಅದೇ ಮಾತೇ ಬೇಕು. ನಾನು ನಿಮ್ಮ ರಿಪೇರಿ ಶೆಡ್ಡಿಗೆ ಸೇರಿದ ದಿನ ನೀವು ಹೇಳ್ಕೊಟ್ಟಿದ್ದು ಇದೊಂದೇ. ಕಾಲೇಜಲ್ಲಿ ಎರಡೂವರೆ ವರ್ಷ ಕರೆಂಟಿನ ಪಾಠ ಕೇಳಿದ್ದೀನಿ, ಒಬ್ಬ ಮೇಷ್ಟ್ರೂ ಇದನ್ನ ಹೇಳಿರ್ಲಿಲ್ಲ. ಅದಕ್ಕೇ ಬಿಟ್ಟೆ. ...ಸರಿ ಸರಿ, ಅದಕ್ಕಲ್ಲ. ಕಾಲೇಜೇ ನನ್ನ ಬಿಡ್ತು. ಅಕ್ಕ ಹೇಳಿದ್ಲಾ? ಎಲ್ಲಾ ಊದಿಬಿಡ್ತಾಳೆ ಅವ್ಳು.

ಭಾವ, ಟಾರ್ಚ್ ಎಲ್ಲಿಗೆ ಬಿಡ್ತಿದ್ದೀರಾ? ಸಾಕೆಟ್ ಬಲಕ್ಕಲ್ವಾ? ಎಡಕ್ಕೆ ಇರೋದು ಬರೀ ಸಾಕೆಟ್ಟಿಗೆ ಕರೆಂಟ್ ಕೊಡೋ ಇನ್ವರ್ಟರ್ ಡಬ್ಬ. ಅದನ್ನ ಮುಟ್ಟೋದೇನೂ ಬೇಡ. ಅದು ಚೆನ್ನಾಗೇ ಇದೆ, ನಾನೇ ನೋಡಿದ್ದಲ್ವಾ, ಹತ್ತು ದಿನ ಆಯ್ತು ಅಷ್ಟೇ.

ಏನು ನೋಡಿದೆ ಅಂದ್ರೆ? ಹೇಳಿದ್ನಲ್ಲ ಅವತ್ತೇ. ಯಜಮಾನ್ರು ಫೋನ್ ಮಾಡಿದ್ರು, ದಡದ ಕರೆಂಟ್ ಚುಚ್ಚಿದ್ರೂ ಬ್ಯಾಟರಿ ತುಂಬ್ತಿಲ್ಲ, ದಡ ಬಿಟ್ಟ ಮೇಲೆ ಬ್ಯಾಟರಿಯಿಂದ ಕರೆಂಟೂ ಬರ್ತಿಲ್ಲ, ಡಬ್ಬ ಸತ್ತ ಹಾಗೆ ಬಿದ್ದಿದೆ ಅಂತ. ಬಂದೆ. ಬ್ಯಾಟರಿಗೆ ಮೀಟರ್ ಹಿಡ್ದೆ, ಹನ್ನೆರಡೂವರೆ ವೋಲ್ಟ್, ಸರಿ. ಫ್ಯೂಸ್ ನೋಡ್ದೆ, ಸರಿ. ಹಾಗಾದ್ರೆ ಡಬ್ಬಾನೇ ಹೋಗಿದೆಯಾ, ಇಲ್ಲಾ ಅದಕ್ಕೆ "ಏಳು" ಅಂತ ಹೇಳೋ ಸ್ವಿಚ್ ಹೋಗಿದೆಯಾ? ಸ್ಟೇರಿಂಗ್ ಪಕ್ಕದ ಈ ಸ್ವಿಚ್ಚಿಂದ ಎರಡು ತಂತಿ ಕೆಳಗೆ ಬರುತ್ತಲ್ಲ, ಡಬ್ಬದ ಹತ್ರ ಅದನ್ನ ಕಿತ್ತು, ಆ ಎರಡು ಪಿನ್ನಿಗೆ ಗೇಣುದ್ದ ತಂತಿ ಮುಟ್ಟಿಸ್ದೆ. ಟಿಕ್ ಅಂತು. ಗುಂಯ್ ಅಂತ ಎದ್ದು ಕೂತ್ಕೊಳ್ತು! ಅಂದ್ರೆ ಡಬ್ಬ ಸರಿ, ಸ್ವಿಚ್ ಉಪ್ಪುಗಾಳಿ ಕುಡಿದು ಒಳಗೆಲ್ಲಾ ಹಸಿರು ಹಿಡಿದು ಕೊಳೆತಿದೆ. ಇಪ್ಪತ್ತು ನಿಮಿಷದಲ್ಲಿ ಹುಡುಕ್ದೆ. ನೀವೇ ಬೆನ್ನು ತಟ್ಟಿದ್ರಿ, ಮರೆತ್ರಾ? ಜೀವಮಾನದಲ್ಲಿ ಮೊದಲ್ನೇ ಸಲ.

ಆಮೇಲಾ? ಆಮೇಲೇನು... ಹೊಸ ಸ್ವಿಚ್ ಹಾಕ್ದೆ. ಮುಗೀತು.

...

ಹೊಸದೇ ಭಾವ. ನೋಡಿ, ಇಲ್ಲಿ ಫಳಫಳ ಅಂತಿದೆ. ನೀವು ಇಲ್ಲಿಂದ ಇಳಿಯುವಾಗ ಅದನ್ನ ಬೆರಳಲ್ಲಿ ಯಾಕೆ ಉಜ್ಜಿದ್ರಿ? ಮೂಸಿಯೂ ನೋಡಿದ್ರಿ. ನಾನು ನೋಡಿಲ್ಲ ಅಂದ್ಕೊಂಡ್ರಾ?

ಟೂತ್‌ಪೇಸ್ಟ್ ವಾಸನೇನಾ! ಹ್ಹ... ಯಾರೋ ಮಕ್ಕಳು ಬಳಿದಿರ್ತಾರೆ ಬಿಡಿ.

ಭಾವ, ಒಂದು ಕೆಲಸ ಮಾಡೋಣ. ನೀವು ಹೊರಗೆ ಬನ್ನಿ, ಬ್ಯಾಟರಿ ಕೇಬಲ್ಲೇ ಬಿಚ್ಚಿ ಆಮೇಲೆ ಕೈ ಹಾಕೋಣ. ಒಳ್ಳೇದಲ್ವಾ? ...ಯಾಕೆ ಅಂದ್ರೆ, ಜಾಗ್ರತೆಗೆ! ಸ್ವಿಚ್ ಇರುವಾಗ ಕೇಬಲ್ ಯಾಕೆ ಅಂತ ಕೇಳ್ತೀರಲ್ಲ, ಜಾಗ್ರತೆ ಇರೋದು ತಪ್ಪಾ? ನಾನು ಉಡಾಫೆ ಅಂತ ಬೈಯೋದೂ ನೀವೇ, ಜಾಗ್ರತೆ ಅಂದ್ರೆ ಹುಬ್ಬೇರಿಸೋದೂ ನೀವೇ.

ಬರಲ್ವಾ. ಸರಿ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಅತ್ತಿಗೆ ಬೆಂಚಿನ ಮೇಲೆ ಉಳಿಯಣ್ಣನ ಅಂಗಿ ಮಡಚೋದು, ಬಿಚ್ಚೋದು, ಮತ್ತೆ ಮಡಚೋದು. ಡಾಕ್ಟರು ತಲೆಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿದ್ದಾರೆ, ತಲೇಲಿ ಏನೂ ಇಲ್ಲ ಅಂತಾರೆ. ನಾನು, "ಅತ್ತಿಗೆ, ಅವನ ತಲೇಲಿ ಏನೂ ಇಲ್ಲ ಅಂತ ನೀವು ಇಪ್ಪತ್ತು ವರ್ಷದಿಂದ ಹೇಳ್ತಿದ್ದೀರಲ್ಲ, ಇವ್ರಿಗೆ ಮಿಷಿನ್ ಬೇಕಾಯ್ತಾ" ಅಂದೆ. ಒಂಚೂರು ನಕ್ಕರು ಪಾಪ. ...ನೀವು ನಗ್ಲಿಲ್ವಾ? ಮೊದ್ಲಾಗಿದ್ರೆ ಇಂಥದ್ದಕ್ಕೆ ನೀವೇ ಮೊದ್ಲು ನಗ್ತಿದ್ರಿ.

ಎದೆಬಡಿತ ತಪ್ತಿದೆಯಂತೆ. ಯಾಕೆ ಅಂತ ಅವ್ರಿಗೆ ಗೊತ್ತಾಗ್ತಿಲ್ಲವಂತೆ.

ಬೆರಳಾ? ಯಾವ ಬೆರಳು? ...ಹ್ಞೂಂ, ನೋಡ್ದೆ. ಬಲಗೈದು. ತುದೀಲಿ ಕಪ್ಪಗೆ, ಕಡ್ಲೆಬೇಳೆಯಷ್ಟು. ಅದು ಅಂಟು ಭಾವ, ಮರದ ಅಂಟು. ಇಲ್ಲಾ ಬೀಡಿ ಸುಟ್ಟಿದ್ದು. ಅತ್ತಿಗೇನೂ ಕೇಳಿದ್ರು, ಅಂಟು ಅಂತಾನೇ ಹೇಳ್ದೆ.

...ಹೌದಾ. ಬೀಡಿ ಬಿಟ್ಟು ಆರು ವರ್ಷ ಆಯ್ತಾ. ನನಗೆ ಗೊತ್ತಿರ್ಲಿಲ್ಲ.

ಸೆಖೆ ಅಲ್ವಾ ಇಲ್ಲಿ? ಗಾಳೀನೇ ಇಲ್ಲ. ಹಗ್ಗ ಕೂಡ ಅಲ್ಲಾಡ್ತಿಲ್ಲ. ಈ ಬೋಟು ಮೊದ್ಲು ಇಷ್ಟು ಸುಮ್ನೆ ನಿಂತಿದ್ದೇ ನೆನಪಿಲ್ಲ ನನಗೆ.

ಭಾವ, ಮಾತಾಡಿ ಏನಾದ್ರೂ. ನಾನೊಬ್ಬನೇ ವಟವಟ ಅಂತಿದ್ದೀನಿ. ಬೈಯಿರಿ ಬೇಕಾದ್ರೆ. ಇನ್ನೊಂದು ಸುಳ್ಳು ಸಿಕ್ಕಿದ್ರೆ ಶೆಡ್ಡಿನ ಮೆಟ್ಟಿಲು ಹತ್ತಬೇಡ ಅಂತ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳಿ. ಅದಕ್ಕೇ ಸುಳ್ಳು ಹೇಳೋದು ಬಿಟ್ಟೆ ನಾನು. ಎಲ್ಲಿಗೆ ಹೋಗ್ಲಿ? ಮನೇಲಿ ಅಪ್ಪ ಮುಖ ನೋಡಲ್ಲ, ಕಾಲೇಜಲ್ಲಿ ಸೇರಿಸ್ಕೊಳ್ಳಲ್ಲ. ಈ ಶೆಡ್ಡೊಂದೇ. ಇಲ್ಲಿ ಉಳಿಯಣ್ಣ ಒಬ್ಬನೇ ನನ್ನ "ಇಂಜಿನಿಯರ್ರೇ" ಅಂತ ಕರೀತಿದ್ದ. ಗೇಲಿಗೇ, ಆದ್ರೂ ಕರೀತಿದ್ದ.

ಮತ್ತೆ ತಟ್ಟಿದ್ರಿ. "ತೆಗ್ದ್ಯಾ?" ಮೂರನೇ ಸಲ.

ಸ್ವಿಚ್ ಒತ್ತಿದ್ದೀನಿ ಭಾವ. ಕೆಳಗೆ ಬಾಗಿದೆ. ಆಫ್ ಅಂತ ಬರೆದಿರೋ ಕಡೆಗೇ ಇದೆ. ...ಹ್ಞೂಂ. ಸ್ವಿಚ್ ಒತ್ತಿದ್ದೀನಿ ಅಂತ ಹೇಳ್ದೆ. ಅಷ್ಟು ಸಾಲದಾ? ಆ ಮಾತೇ ಬೇಕಾ? ಮಾತಲ್ಲಿ ಏನಿದೆ? ಒಂದು ಮಾತು ಅಷ್ಟೇ ತಾನೇ, ಬಾಯಿಂದ ಬರುತ್ತೆ, ಗಾಳಿಗೆ ಹೋಗುತ್ತೆ...

ಏನ್ ಮಾಡ್ತಿದ್ದೀರಾ? ಟಾರ್ಚ್ ಯಾಕೆ ಕೆಳಗಿಟ್ರಿ? ಸಾಕೆಟ್ಟಿನ ಮುಚ್ಚಳ ಬಿಚ್ಚಿದ್ರಾ? ಭಾವ, ನಾನಿನ್ನೂ ಹೇಳಿಲ್ಲ! ಕಾನೂನು ನಿಮ್ಮದೇ ಅಲ್ವಾ, ಹೇಳೋ ತನಕ ಕೈ ಹಾಕ್ಬಾರ್ದು! ಭಾವ, ನಿಲ್ಲಿ, ತಮಾಷೆ ಬೇಡ. ನೋಡಿ, ಬರಿಗೈ ಅದು. ಭಾವ. ಭಾವಾ!

ತೆಗಿ! ಕೈ ತೆಗಿ ಭಾವ! ಕರೆಂಟಿದೆ ಅದ್ರಲ್ಲಿ! ಸ್ವಿಚ್ ಸುಳ್ಳು, ಅದು ಏನೂ ಮಾಡಲ್ಲ, ಹಳೇದೇ ಅದು, ಟೂತ್‌ಪೇಸ್ಟ್ ಹಾಕಿ ಉಜ್ಜಿದ್ದು ನಾನೇ! ತಂತಿ... ಡಬ್ಬದ ಪಿನ್ನಿಗೆ ಹಾಕಿದ ತಂತಿ ಹಾಗೇ ಬಿಟ್ಟಿದ್ದೀನಿ! ಅದು ಯಾವಾಗ್ಲೂ ಆನ್ನಲ್ಲೇ ಇರುತ್ತೆ! ಮುಟ್ಬೇಡ, ಮುಟ್ಬೇಡ, ಇಳಿದು ಬಂದೆ, ಇಗೋ ಬಂದೆ...

...

...ಭಾವ? ನಿಮಗೇನೂ ಆಗ್ಲಿಲ್ವಾ?

ಮುಟ್ಕೊಂಡೇ ಇದ್ದೀರಲ್ಲ. ಇನ್ನೂ ಮುಟ್ಕೊಂಡೇ...

ಓ. ಕೇಬಲ್. ಬ್ಯಾಟರಿ ಕೇಬಲ್ ಬಿಚ್ಚಿ ಮೂಲೇಲಿಟ್ಟಿದ್ದೀರಾ. ಯಾವಾಗ ಬಿಚ್ಚಿದ್ರಿ? ನನ್ನ ಕರ್ಕೊಂಡು ಬರೋಕ್ಕೆ ಮುಂಚೇನೇನಾ? ಅದಕ್ಕೇ ಡಬ್ಬ ಗುಂಯ್ ಅಂತಿಲ್ಲ. ನಾನು ಒದರಿದ್ದೇ ಒದರಿದ್ದು, ಆ ಸದ್ದಿಲ್ಲ ಅನ್ನೋದೂ ಗಮನಕ್ಕೆ ಬರ್ಲಿಲ್ಲ ನೋಡಿ.

ಹಾಗಾದ್ರೆ ತಂತಿ ನೋಡಿದ್ದೀರಾ.

ಹ್ಞೂಂ. ಹೇಳ್ತೀನಿ. ನೀವು ಹೀಗೆ ನೋಡ್ಬೇಡಿ, ಹೇಳ್ತೀನಿ. ಹೊಸ ಸ್ವಿಚ್ ಅಂಗಡೀಲಿ ಇರ್ಲಿಲ್ಲ, ವಾರ ಆಗುತ್ತೆ ಅಂದ್ರು. ಯಜಮಾನ್ರು ಸಂಜೆಗೇ ಬೋಟ್ ಬೇಕು ಅಂತ ತಲೆ ಮೇಲೆ ನಿಂತಿದ್ರು. ಪರೀಕ್ಷೆಗೆ ಹಾಕಿದ ತಂತಿ ಚೆನ್ನಾಗಿ ಓಡ್ತಿತ್ತು, ಒಂದು ವಾರ ತಾನೇ, ಇರ್ಲಿ ಅಂತ ಮುಚ್ಚಳ ಹಾಕ್ದೆ. ನಿಮಗೆ ಹೊಸದು ಹಾಕ್ದೆ ಅಂದೆ. ನೀವು ಬೆನ್ನು ತಟ್ಟಿದ್ರಲ್ಲ ಭಾವ... ಅದಾದ ಮೇಲೆ ಹೇಗೆ ಹೇಳೋದು?

ಆಮೇಲೆ ಉಳಿಯಣ್ಣ ಬಂದ. ಹಲಗೆ ಕೂರಿಸ್ಬೇಕು, ಸಾಕೆಟ್ ಅಡ್ಡ ಇದೆ, ಬಿಚ್ತೀನಿ ಅಂದ. ಕೆಳಗಿಂದ ಕೂಗ್ದ, "ಇಂಜಿನಿಯರ್ರೇ, ತೆಗ್ದ್ಯಾ?" ಅಂತ.

ನಾನು ಒತ್ತಿದೆ ಭಾವ. ದೇವರಾಣೆ ಸ್ವಿಚ್ ಒತ್ತಿದೆ. ತಂತಿ ನೆನಪಾಗ್ಲೇ ಇಲ್ಲ! ನಾನೇ ಹಾಕಿದ ತಂತಿ. ಕೈ ತಾನಾಗೇ ಒತ್ತಿತು, ಬಾಯಿ ತಾನಾಗೇ ಹೇಳ್ತು. ನೀವೇ ಅಭ್ಯಾಸ ಮಾಡ್ಸಿದ್ದು, ದಿನಾ, ಇನ್ನೂರು ಸಲ. "ತೆಗ್ದೆ" ಅಂದೆ. ಜೋರಾಗಿ ಅಂದೆ. ಅವನು ನನ್ನ ಮಾತು ನಂಬ್ದ.

ದಬ್ ಅಂದಾಗ ನೆನಪಾಯ್ತು.

ಮೆಟ್ಟಿಲ ಬುಡದಲ್ಲಿ ಬಿದ್ದಿರ್ಲಿಲ್ಲ. ಇಲ್ಲೇ, ನೀವು ಮೊಣಕಾಲೂರಿರೋ ಜಾಗದಲ್ಲಿ. ನಾನೇ ಎಳ್ಕೊಂಡು ಹೋಗಿ ಅಲ್ಲಿ ಮಲಗಿಸ್ದೆ. ಮೆಟ್ಟಿಲಿಗೆ ನೀರು ಚೆಲ್ಲಿದ್ದೂ ನಾನೇ. ಮೊದ್ಲು ನೀರು ಚೆಲ್ಲಿ, ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡ್ದೆ. ಮೊದ್ಲು ಅದು, ಆಮೇಲೆ ಇದು... ಹೊಡೀರಿ ಭಾವ. ಹೊಡೀರಿ ಬೇಕಾದ್ರೆ. ಹೀಗೆ ಸುಮ್ನೆ ಕೂರ್ಬೇಡಿ.

ಡಾಕ್ಟರಿಗೆ ಹೇಳ್ಬೇಕು. ಅಲ್ವಾ? ಅವ್ರು ತಲೆ ನೋಡ್ತಿದ್ದಾರೆ, ಆಗಿರೋದು ಎದೆಗೆ. ಶಾಕ್ ಅಂತ ಗೊತ್ತಾದ್ರೆ ಅವ್ರು ಬೇರೆ ಏನಾದ್ರೂ ಮಾಡ್ತಾರೆ, ಅದಕ್ಕೆ ಬೇರೆ ಔಷಧಿ ಇರುತ್ತೆ. ನಾಲ್ಕು ದಿನದಿಂದ ಹೇಳ್ಬೇಕು, ಹೇಳ್ಬೇಕು ಅಂತ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೀನಿ. ಇವತ್ತು ಹೇಳ್ತೀನಿ. ಈಗ್ಲೇ. ಶೆಡ್ ಹೋದ್ರೆ ಹೋಗ್ಲಿ, ಪೊಲೀಸ್ ಬಂದ್ರೆ ಬರ್ಲಿ. ಅತ್ತಿಗೆಗೆ ಫೋನ್ ಮಾಡಿ ಡಾಕ್ಟರಿಗೆ ಕೊಡಿ ಅಂತೀನಿ. ಇಗೋ, ನಂಬರ್ ಒತ್ತಿದೆ...

ಯಾಕೆ ಕೈ ಹಿಡ್ಕೊಂಡ್ರಿ?

ಬಿಡಿ ಭಾವ. ಹೊತ್ತಾಗುತ್ತೆ. ನಾನೇ ಹೇಳ್ಬೇಕು ಇದನ್ನ, ನೀವು ಹೇಳಿದ್ರೆ ಆಗಲ್ಲ. ಬಿಡಿ ಅಂದ್ರೆ! ಫೋನ್ ಯಾಕೆ ಕಿತ್ಕೋತೀರಾ, ಈಗ ಹೇಳಿದ್ರೂ ಏನಾದ್ರೂ ಮಾಡಬಹುದಲ್ವಾ, ಇವತ್ತು ಬೆಳಿಗ್ಗೆ ನೀವು ಅಲ್ಲಿಂದಾನೇ ತಾನೇ ಬಂದಿದ್ದು, ನೀವು ನೋಡ್ಕೊಂಡು ಬಂದ್ರಲ್ಲ, ಹೇಗಿದ್ದ...

ಭಾವ?

ಯಾವಾಗ?