ಬೆಟ್ಟ ಇಳಿದರೆ ಹೊಟ್ಟೆ ತುಂಬುವ ಕಾರು

ಮೇಲುಕೋಟೆಯ ಬಸ್‌ಸ್ಟಾಪಿನಲ್ಲಿ ಕೆ.ಆರ್. ಪೇಟೆ ಬಸ್ಸಿಗೆ ಕಾದು, ಬೆಂಚಿನ ತುಂಬ ಕುಳಿತಿದ್ದ ಪುಟ್ಟಲಕ್ಷ್ಮಮ್ಮನಿಗೆ ಬಸ್ಸೇ ಮರೆತುಹೋಗಿತ್ತು. ಎದುರಿಗೆ ಬಂದು ನಿಂತ ಪುಟ್ಟ ಕರೆಂಟ್ ಕಾರಿನಿಂದ ದೊಡ್ಡತಾಯಮ್ಮ ಎಂಬಾಕೆ ದಡಕ್ಕನೆ ಇಳಿದಿದ್ದಳು. ಹಿಂದೆಯೇ ಮಗ ಶಿವಶಂಕರ್ ಓಡಿಬಂದ.

“ಕಾರು ಅತ್ತವ್ವ. ಶೀಳನೆರೆ ಬೀಗರು ಓಸ ಕಾರು ನೋಡಕ್ಕೆ ಕಾಯ್ತಾವ್ರೆ. ನೀನು ಬಸ್ಸಲ್ಲಿ ಬಂದ್ರೆ ನನ್ ಮಾನ ಏನಾಗ್ಬೇಕು?”

“ಮಾನ ಇರ್ಲಿ, ಪ್ರಾಣ ನೋಡ್ಲಾ. ಬ್ರೇಕು ಈಯೋ ಎಮ್ಮೆಯಂಗೆ ನರಳ್ತದೆ. ಇದ್ರಲ್ಲಿ ಬೆಟ್ಟ ಇಳಿಯಾಕಿಲ್ಲ ನಾನು.”

“ಅದು ತುಕ್ಕು ಕಣವ್ವ. ಈ ಕಾರಲ್ಲಿ ಬ್ರೇಕಿಗೆ ಕೆಲ್ಸನೇ ಕಮ್ಮಿ.”

“ನಿಮ್ಮಪ್ಪನಂಗೆ ಅನ್ನು. ಕುಂತು ಕುಂತು, ಏಳೋವಾಗ ನರಳಾದು. ಮತ್ತೆ ಕಾರು ತಡೆಯೋರ್ ಯಾರ್ಲಾ?”

“ಮೋಟ್ರು. ಇಳಿಜಾರಲ್ಲಿ ಎತ್ತು ಹಿಂದಕ್ಕೆ ವಾಲಿ ಗಾಡಿ ತಡೀತದಲ್ಲ, ಅಂಗೆ. ತಡೀತಾ ತಡೀತಾ ಬ್ಯಾಟ್ರಿ ಚಾರ್ಜ್ ಮಾಡ್ಕತದೆ.”

“ಎತ್ತು ತಡುದ್ರೆ ಸುಸ್ತಾಯ್ತದೆ, ಇದ್ಕೆ ಒಟ್ಟೆ ತುಂಬ್ತದಾ?”

“ಊಂ ಕಣವ್ವ. ಭಾರ ಜಾಸ್ತಿ ಇದ್ದಷ್ಟೂ ಜಾಸ್ತಿ ತುಂಬ್ತದೆ.”

ದೊಡ್ಡತಾಯಮ್ಮ ಕಾರನ್ನು ನೋಡಿದಳು. ಆಮೇಲೆ ನಿಧಾನವಾಗಿ ಪುಟ್ಟಲಕ್ಷ್ಮಮ್ಮನ ಕಡೆ ತಿರುಗಿದಳು.

“ಆವಾಗ್ಲಿಂದ ಕೇಳಿಸ್ಕತಾ ಕುಂತಿದ್ದೀಯಲ್ಲವ್ವ, ಏಳು, ನೀನೂ ಬಾ. ಬೆಟ್ಟ ಇಳಿಯೋ ಒತ್ಗೆ ಇದ್ರ ಒಟ್ಟೆ ಬಿರಿಯಂಗೆ ತುಂಬುಸ್ಬುಡಾನ.”

ಪುಟ್ಟಲಕ್ಷ್ಮಮ್ಮ ಎದ್ದಾಗ ಬೆಂಚು ನಿಟ್ಟುಸಿರು ಬಿಟ್ಟಿತು; ಹಿಂದಿನ ಸೀಟಿನಲ್ಲಿ ಕುಳಿತಾಗ ಕಾರು ಮೊಣಕಾಲೂರಿತು. ಶಿವಶಂಕರ್ ಬೇಗಬೇಗ ಬಾಗಿಲು ಹಾಕಿ ಕಾರು ಹೊರಡಿಸಿದ. ಅವ್ವ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತಲ್ಲ, ಅವನಿಗಷ್ಟು ಸಾಕಿತ್ತು.